ಹಸಿರಿಗೊಂದು ಹಲಗೆ

ನನಗೀಗ ಒಂದು ಚಿತ್ರದ ಹುಚ್ಚು ಹಿಡಿದಿದೆ. ಮನೆಗೆ ಬಂದವರನ್ನು ಕೂರಲೂ ಬಿಡದೆ ಅದರ ಮುಂದೆ ಎಳೆದು ನಿಲ್ಲಿಸುತ್ತೇನೆ. ಈ ಪರದೇಶದಲ್ಲಿ ನಾವಿರುವ ಗ್ಲೆನೆಲ್ಗ್‌ನ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ ಜಪಾನೀ ಮರದಚ್ಚಿನ ಚಿತ್ರ ಅದು. ಚಾಪೆಯ ಮೇಲೆ ಮೂವರು ಹೆಂಗಸರು. ಒಬ್ಬಳು ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಪಕ್ಕದವಳಿಗೆ ದಾಟಿಸುತ್ತಿದ್ದಾಳೆ. ಒಂದೊಂದು ಬಣ್ಣಕ್ಕೂ ಒಂದೊಂದು ಹಲಗೆ ಕೆತ್ತಿ ಒಂದರ ಮೇಲೊಂದು ಒತ್ತುತ್ತಾರಂತೆ. ಬಟ್ಟಲೊಳಗಿನ ಆ ಚೂರು ಹಸಿರಿಗೂ ಬೇರೆ ಹಲಗೆ! ನಾನೋ, ಉಪ್ಪಿಟ್ಟಿಗೂ ಪಲ್ಯಕ್ಕೂ ಒಂದೇ ಬಾಣಲೆ ಇಡುವವಳು.

ಕೆಳಗಿನ ಫ್ಲ್ಯಾಟಿನ ಮಿಚಿಕೊ ಆಂಟಿ ಜಪಾನಿನವರು ಶಾಸ್ತ್ರೋಕ್ತವಾಗಿ ಚಹಾ ಕುಡಿಯುವ ಈ ವಿಧಿಯನ್ನೇ ಕಲಿಸುವವರು. ಚಿತ್ರ ನೋಡಿದವರೇ, ಭಾನುವಾರ ಅತ್ತೆಯನ್ನೂ ಕರೆದುಕೊಂಡು ಬಾ ಎಂದರು. ನನ್ನನ್ನು ಚಿತ್ರದೊಳಕ್ಕೇ ಕರೆದಷ್ಟು ಖುಷಿಯಾಯಿತು. ಒಂದೂ ತಪ್ಪಾಗಬಾರದೆಂದು ವಾರವಿಡೀ ಮಂಡಿಯೂರಿ ಕೂತು ಅಭ್ಯಾಸ ಮಾಡಿದೆ. ಮೈಸೂರಿನಿಂದ ಬಂದಿದ್ದ ಅತ್ತೆಗೆ ಮಾತ್ರ ಏನೂ ಹೇಳಿಕೊಡಲಿಲ್ಲ. ಟೀ ಕುಡಿಯುವುದಕ್ಕೆ ಏನು ಪಾಠ?

ಅಲ್ಲೇ ಎಡವಟ್ಟಾಯಿತು. ನಮ್ಮತ್ತೆ ಲೋಟಕ್ಕೆ ತುಟಿ ತಾಗಿಸಿದ್ದನ್ನು ನಾನು ಕಂಡಿಲ್ಲ, ಎಂಜಲೆಂದರೆ ಎಂಜಲೇ. ಮಿಚಿಕೊ ಆಂಟಿ, ಮೂವರಿಗೂ ಒಂದೇ ಬಟ್ಟಲು ಎಂದು ಹೇಳಿ, ಹಿರಿಯರೆಂದು ಅದನ್ನು ಮೊದಲು ಅತ್ತೆಯ ಕೈಗೇ ಇಟ್ಟರು. ಅತ್ತೆ ಕತ್ತನ್ನು ಹಿಂದಕ್ಕೆ ಬಾಗಿಸಿ ಬಟ್ಟಲನ್ನು ಮೇಲೆತ್ತಿದರು. ಅಂಬಲಿಯಷ್ಟು ಗಟ್ಟಿಯಾದ ಹಸಿರು ಚಹಾ ಕೆಳಗಿಳಿಯಲೊಲ್ಲದು. ಕಾದೆವು. ಆಮೇಲೆ ಇಳಿಯಿತು, ಬಾಯಿಗಿಂತ ಮೊದಲು ಮೂಗಿಗೆ.

ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ಸಣ್ಣ ದನಿಯಲ್ಲಿ ಹೇಳಿದರು: "ಇದ್ರಲ್ಲೇ ನೀವೂ ಕುಡೀಬೇಕಲ್ವೇನೆ? ಅದಕ್ಕೇ ಕಚ್ಚಿ ಕುಡೀಲಿಲ್ಲ."

ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಮಿಚಿಕೊ ಆಂಟಿ ಬಟ್ಟಲಿನ ಅಂಚನ್ನು ನೋಡಿದರು. ಕುಡಿದವರು ಅಂಚನ್ನು ಒರೆಸಿ ಮುಂದಿನವರಿಗೆ ಕೊಡಬೇಕೆಂದು ಅವರು ಇಟ್ಟಿದ್ದ ಬಿಳಿ ಬಟ್ಟೆ ಅಲ್ಲೇ ಇತ್ತು. ತುಟಿಯೇ ತಾಗದ ಅಂಚಿನಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

ಬಟ್ಟಲು ನನ್ನ ಕೈಗೆ ಬಂತು. ವಾರವೆಲ್ಲ ಕಾದಿದ್ದ ಗಳಿಗೆ. ಚಿತ್ರದವಳ ಹಾಗೆ ಅಂದವಾಗಿ ಕುಡಿದರೆ ತಪ್ಪು ಮಾಡಿದವರು ಅತ್ತೆಯೊಬ್ಬರೇ ಆಗಿಬಿಡುತ್ತಾರೆ. ನಾನೂ ಕತ್ತು ಬಾಗಿಸಿ ಎತ್ತಿದೆ.

ಮೂರನೆಯ ಸರದಿ ಮಿಚಿಕೊ ಆಂಟಿಯದು. ಅವರು ನಮ್ಮಿಬ್ಬರ ಮುಖ ನೋಡಿದರು, ಬಟ್ಟಲು ನೋಡಿದರು. ಆಮೇಲೆ, ಎಷ್ಟು ಮೇಲೆ ಹಿಡಿಯಬೇಕು ಎಂದು ಅತ್ತೆಯನ್ನು ಕೇಳಿದರು.

ನಮ್ಮ ಚಿತ್ರವನ್ನು ಯಾರಾದರೂ ಅಚ್ಚು ಹಾಕುವುದಾದರೆ ಆ ಹಸಿರಿನ ಹಲಗೆಯನ್ನು ಸ್ವಲ್ಪ ದೊಡ್ಡದಾಗಿಯೇ ಕೆತ್ತಬೇಕು. ಮೂರು ಮೂಗುಗಳಿಗೂ ಸಾಲಬೇಕಲ್ಲ.