ಒಂದು ಸೂರು, ಎರಡು ಒಲೆ

ಕೊಟ್ಟೂರಿನ ಕಾಲೇಜಿಗೆ ನಾನು ಸೇರಿದಾಗ ಸಮಾಜಶಾಸ್ತ್ರಕ್ಕೆ ಇದ್ದವಳು ನಾನೊಬ್ಬಳೇ. ಪಾಠ ಮಾಡುತ್ತಿದ್ದೆ, ಪೇಪರ್ ತಿದ್ದುತ್ತಿದ್ದೆ. ಆದರೆ ಓದಿದ್ದರ ಬಗ್ಗೆ ವಾದ ಮಾಡಲು ಯಾರೂ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಮಾತೆಂದರೆ ವರ್ಗಾವಣೆ, ಮೌಲ್ಯಮಾಪನ, ಸೈಟಿನ ರೇಟು. ಹಾಗಾಗಿ ನಮ್ಮ ಐದು ತಾಲ್ಲೂಕುಗಳ ಸಮಾಜ ವಿಜ್ಞಾನ ಅಧ್ಯಾಪಕರು ಕಟ್ಟಿಕೊಂಡಿದ್ದ ಸಂಘಕ್ಕೆ ಬನ್ನಿ ಎಂದು ಅದರ ಅಧ್ಯಕ್ಷರು ಕರೆದಾಗ ಮರುಮಾತಿಲ್ಲದೆ ಒಪ್ಪಿದೆ. ಅವರು ಕೂಡ್ಲಿಗಿಯವರು, ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು.

ಸಭೆ ಭಾನುವಾರ, ಸರದಿಯ ಮೇಲೆ ಒಂದೊಂದು ಊರಿನಲ್ಲಿ. ಒಬ್ಬರು ತಾವು ಬರೆದದ್ದನ್ನು ಓದುವುದು, ಉಳಿದವರು ಅದರ ಹುಳುಕು ಹುಡುಕುವುದು, ನಡುವೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಒಂದು ವರ್ಷ ಎಲ್ಲರೂ ಸೇರಿ ಒಂದೇ ಅಧ್ಯಯನ ಮಾಡುವುದೆಂದು ತೀರ್ಮಾನವಾಯಿತು. ಹೆಂಗಸರು ಮನೆಯೊಳಗೆ ಮಾಡುವ ಕೆಲಸವೆಷ್ಟು, ಹೊರಗಿನದೆಷ್ಟು ಎಂಬುದು ವಿಷಯ. ನಮ್ಮ ವಿದ್ಯಾರ್ಥಿನಿಯರು ಹತ್ತಿರದ ಉಜ್ಜಿನಿಗೆ ಹೋಗಿ ಮನೆಮನೆ ಕೇಳಿಕೊಂಡು ಬಂದರು. ಹರಪನಹಳ್ಳಿಯವರು ತಮ್ಮ ತಾಲ್ಲೂಕಿನದೇ ಆದ ಅರಸೀಕೆರೆಗೆ ಹೋದರು.

ಎಲ್ಲವನ್ನೂ ಮುಂದಿಟ್ಟುಕೊಂಡು ಹರಪನಹಳ್ಳಿಯಲ್ಲಿ ಕೂತಾಗ ಒಂದಕ್ಕೊಂದು ಹೊಂದಲಿಲ್ಲ. ಅರಸೀಕೆರೆಯಲ್ಲಿ ಮನೆ ತುಂಬ ಜನ, ಉಜ್ಜಿನಿಯಲ್ಲಿ ಮನೆಗೆ ಮೂರೋ ನಾಲ್ಕೋ ಮಂದಿ. ಎರಡೂ ಊರು ಕಂಡವರು ನಂಬುವಂತಿರಲಿಲ್ಲ. ಕೆದಕಿದಾಗ ಗೊತ್ತಾಯಿತು: ಅವರು ಸೂರು ನೋಡಿ ಮನೆ ಎಣಿಸಿದ್ದರು, ನಾವು ಒಲೆ ನೋಡಿ ಎಣಿಸಿದ್ದೆವು. ಈಗ ಗ್ಯಾಸ್ ಬಂದಿದ್ದರೂ ನಮ್ಮ ಕಡೆ ಅಡುಗೆ ಬೇರೆಯಾದರೆ ಒಲೆ ಬೇರೆಯಾಯಿತು ಎಂದೇ ಹೇಳುತ್ತಾರೆ.

“ಒಂದ ಬಾಗ್ಲು, ಒಂದ ಪಡಸಾಲಿ. ಅದನ್ನ ಎರಡು ಮನಿ ಅಂತ ಹೆಂಗ ಬರ್ಕಳ್ಳಾದು?” ಎಂದರು ಹರಪನಹಳ್ಳಿಯ ರಾಜ್ಯಶಾಸ್ತ್ರದ ಮೇಷ್ಟ್ರು.

“ಗಳಿಸಾದು ಬ್ಯಾರೆ, ಉಣ್ಣಾದು ಬ್ಯಾರೆ ಇದ್ರ ಒಂದು ಹೆಂಗಾಗ್ತೈತ್ರಿ?” ಎಂದರು ಅಧ್ಯಕ್ಷರು.

ಮಾತು ಜೋರಾಯಿತು. ಅಲ್ಲಿಯವರೆಗೆ ಸುಮ್ಮನಿದ್ದ ನಾನು, “ನಮ್ಮ ಮನೀನ ತಗೊಳ್ರಿ” ಎಂದುಬಿಟ್ಟೆ.

ಹೊರಗೆ ಯಾರಿಗೂ ಹೇಳದ ಸಂಗತಿಯನ್ನು ಅಂದು ಅವರ ಮುಂದೆ ಹೇಳಿದೆ. ನಮ್ಮ ಮನೆಯಲ್ಲಿ ಮುಂದಿನ ಅಡುಗೆಮನೆ ಅತ್ತೆಯದು ಮತ್ತು ನನ್ನದು. ಹಿತ್ತಿಲ ಕಡೆಯ ಕೋಣೆಯಲ್ಲಿ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಬೇರೆ ಅಡುಗೆ ಮಾಡುತ್ತಿದ್ದಳು. ಮೈದುನನಿಗೆ ಬಸ್ ಡಿಪೋದಲ್ಲಿ ಕೆಲಸ, ನಸುಕಿನಲ್ಲೇ ಬುತ್ತಿ ಕಟ್ಟಬೇಕು, ಅದಕ್ಕೇ ಹಾಗೆ ಮಾಡಿಕೊಂಡಿದ್ದಾಳೆ ಎಂದು ನಾವು ನಮ್ಮೊಳಗೇ ಹೇಳಿಕೊಳ್ಳುತ್ತಿದ್ದೆವು. ನಾನೂ ಅದನ್ನೇ ನಂಬಿದ್ದೆ.

ಹಡಗಲಿಯ ಹಿರಿಯ ಅಧ್ಯಾಪಕಿಯೊಬ್ಬರು ನನ್ನ ಕಡೆ ತಿರುಗಿದರು. “ನಿಮ್ಮ ಅತ್ತೀನ ಕೇಳಿದ್ರ ಏನಂತಾರ?”

“ಒಂದ ಮನಿ ಅಂತಾರ್ರಿ.”

“ನಿಮ್ಮ ನೆಗೆಣ್ಣೀನ ಕೇಳಿದ್ರ?”

“ನಾ ಕೇಳೇ ಇಲ್ರಿ.”

“ಹಂಗಾದ್ರ ನಾವು ಕೇಳಬೇಕಾದ್ದು ಅದ ನೋಡ್ರಿ.”

ಸೂರು, ಒಲೆ ಎರಡನ್ನೂ ಬರೆದುಕೊಳ್ಳುವುದು, ಅಡುಗೆ ಮಾಡುವ ಪ್ರತಿಯೊಬ್ಬಳನ್ನೂ ಬೇರೆಬೇರೆಯಾಗಿ ಕೇಳುವುದು ಎಂದು ಕೊನೆಗೆ ಒಪ್ಪಿದೆವು. ಅಷ್ಟೂ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕಲ್ಲ ಎಂದು ಕೆಲವರು ಗೊಣಗಿದರು. ಹುಡುಗಿಯರನ್ನು ಕಳಿಸುವ ಮೊದಲು ಹೊಸ ಪ್ರಶ್ನೆಗಳನ್ನು ನಮ್ಮನಮ್ಮ ಮನೆಗಳಲ್ಲೇ ಕೇಳಿ ನೋಡೋಣ, ಒಬ್ಬರ ಮನೆಗೆ ಇನ್ನೊಬ್ಬರು ಹೋಗೋಣ ಎಂದರು ಅಧ್ಯಕ್ಷರು. ನಮ್ಮ ಮನೆಗೆ ಆ ಹಡಗಲಿಯ ಮೇಡಂ ಬಂದರು.

ಅತ್ತೆ ಪಡಸಾಲೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. “ಬರ್ರಿ, ಕುಂದರ್ರಿ” ಎಂದು ಚಾಪೆ ಹಾಸಿದರು. ಪ್ರಶ್ನೆ ಕೇಳಿದೊಡನೆ, “ಒಂದ ಮನಿರಿ ನಮ್ದು. ಮಾವನೋರ ಕಾಲದಿಂದ್ಲೂ ಒಂದ” ಎಂದರು. ಮೇಡಂ ಬರೆದುಕೊಂಡು ಹಿಂದಿನ ಕೋಣೆಗೆ ಹೋದರು. ನಡುವೆ ಇದ್ದದ್ದು ಒಂದು ಪರದೆ. ಮಾತೆಲ್ಲ ನಮಗೆ ಕೇಳುತ್ತಿತ್ತು.

“ಒಲಿ ಬ್ಯಾರೆ ಐತ್ರಿ ನಂದು. ಮನಿ ಒಂದೋ ಎರಡೋ ನೀವ ಬರ್ಕೊಳ್ರಿ” ಎಂದಳು ನೆಗೆಣ್ಣಿ.

“ಯಾಕ ಬ್ಯಾರೆ ಆತವ್ವ?”

ಅವಳು ಹೇಳಿದಳು. “ಮುಂದಿನ ಅಡಗಿಮನ್ಯಾಗ ನಾ ಬರೇ ಹೆಚ್ಚಿ ಕೊಡ್ತಿದ್ದೆ, ಬಾಂಡೆ ತೊಳಿತಿದ್ದೆ. ಉಪ್ಪು ಹಾಕಾದು ಅತ್ತಿ, ಇಲ್ಲಾಂದ್ರ ಅಕ್ಕ. ನನ್ನ ಕೈಯಾರೆ ಒಂದ ಸಾರು ಮಾಡಬೇಕು ಅನಿಸ್ತ್ರಿ. ಅಷ್ಟ.”

ಅಕ್ಕ ಎಂದರೆ ನಾನು. ಅತ್ತೆಯ ಕೈ ಸೊಪ್ಪಿನ ಮೇಲೆ ನಿಂತಿತ್ತು. ನಾನು ಅವರ ಮುಖ ನೋಡಲಿಲ್ಲ.

ಮೇಡಂ ಚಹಾ ಕುಡಿದು ಬಸ್ಸಿಗೆ ಹೋದ ಮೇಲೆ ಅತ್ತೆ ಪರದೆ ಸರಿಸಿ, “ಒಂದ ಮಾತು ಹೇಳಿದ್ರ ಆಗ್ತಿದ್ದಿಲ್ಲೇನ?” ಎಂದು ಕೇಳಿದರು.

“ಕೇಳಿದ್ರ ಹೇಳ್ತಿದ್ದೆ ಅತ್ತಿ” ಎಂದಳು ನೆಗೆಣ್ಣಿ.

ಒಲೆ ಮತ್ತೆ ಒಂದಾಗಲಿಲ್ಲ, ಆಗಬೇಕೆಂದು ಯಾರೂ ಒತ್ತಾಯಿಸಲಿಲ್ಲ. ಆದರೆ ಕೆಲವು ದಿನ ಕಳೆದ ಮೇಲೆ ಹಿಂದಿನ ಕೋಣೆಯಿಂದ ಒಂದು ಬಟ್ಟಲು ಸಾರು ಮುಂದಕ್ಕೆ ಬರತೊಡಗಿತು. ಅತ್ತೆ ಉಪ್ಪು ಕಡಿಮೆ ಎನ್ನುತ್ತಲೇ ಉಣ್ಣುತ್ತಿದ್ದರು.

ಸಂಘದ ಅಧ್ಯಯನ ಮುಗಿಯಲು ಮತ್ತೊಂದು ವರ್ಷ ಹಿಡಿಯಿತು. ಹಲವು ಮನೆಗಳಲ್ಲಿ ಹಿರಿಯಳು ಒಂದು ಎಂದದ್ದನ್ನು ಕಿರಿಯಳು ಎರಡು ಎಂದಿದ್ದಳು. ಬಳ್ಳಾರಿಯ ವಿಚಾರ ಸಂಕಿರಣದಲ್ಲಿ ಅದನ್ನು ಓದಿದಾಗ, ಇಬ್ಬರನ್ನೂ ಕೇಳಬೇಕೆಂದು ನಿಮಗೆ ಹೊಳೆದದ್ದು ಹೇಗೆ ಎಂದು ವಿಶ್ವವಿದ್ಯಾಲಯದವರೊಬ್ಬರು ಕೇಳಿದರು. “ನಮ್ನಮ್ಮೊಳಗ ಜಗಳಾಡಿ ಬಂತ್ರಿ” ಎಂದರು ಅಧ್ಯಕ್ಷರು. ಅದು ನಿಜ. ನಾನೊಬ್ಬಳೇ ಮಾಡಿದ್ದರೆ ಉಜ್ಜಿನಿಯ ಒಲೆಗಳನ್ನು ಎಣಿಸಿ, ಬರೆದು, ಸರಿಯಾಗಿದೆ ಎಂದುಕೊಂಡೇ ಇರುತ್ತಿದ್ದೆ. ತಪ್ಪೆಂದು ಹೇಳುವವರು ಕೊಟ್ಟೂರಿನಲ್ಲಿ ಯಾರಿದ್ದರು?

ವರದಿ ಪುಸ್ತಕವಾಗಿ ಬಂದಾಗ ಮನೆಗೆ ತಂದೆ. ಅತ್ತೆ ಹಾಳೆ ತಿರುವಿದರು.

“ನಮ್ಮ ಮನಿ ಎಲ್ಲೈತಿ ಇದರಾಗ?”

“ನಮ್ಮದು ಇಲ್ಲ ಅತ್ತಿ. ನಮ್ಮಂಥಾ ಮನಿ ಅದಾವ.”

“ಭಾಳ ಅದಾವೇನ?”

“ಭಾಳ ಅದಾವ.”

“ಹಂಗೇನ” ಎಂದವರು ಪುಸ್ತಕ ಹಿಡಿದುಕೊಂಡೇ ಎದ್ದು, ನೆಗೆಣ್ಣಿಗೆ ಆ ಮಾತು ಹೇಳಲು ಹಿಂದಿನ ಕೋಣೆಗೆ ಹೋದರು.