ಒಗೆಯದೆ ಉಳಿದ ಸೆರಗು

1956ನೆಯ ಇಸವಿ, ಆಷಾಢದ ಅಮಾವಾಸ್ಯೆಯ ಹಿಂದಿನ ದಿನ, ಭಾನುವಾರ, ಬೆಳಿಗ್ಗೆ ಐದೂಮುಕ್ಕಾಲು. ಸ್ಥಳ, ದುರ್ಗಿಗುಡಿಯಲ್ಲಿ ನಾನು ಬಾಡಿಗೆಗಿದ್ದ ಒಂಟಿ ಕೋಣೆ. ಇದ್ದವರು ಮೂವರು: ನಾನು, ಬಾಗಿಲಲ್ಲಿ ನಿಂತಿದ್ದ ಒಬ್ಬ ಹಿರಿಯರು, ಮತ್ತು ಅವರು ಹುಡುಕಿಕೊಂಡು ಬಂದಿದ್ದ ಅವರ ಸೊಸೆ. ಸೊಸೆ ನನ್ನ ಮಂಚದ ಕೆಳಗಿದ್ದಳು.

ಹಿರಿಯರ ಕೈಯಲ್ಲಿ ಕೋಲು, ಕೋಲಿನ ತುದಿಯಲ್ಲಿ ಅವಳ ರವಿಕೆ. ಅವರದು ಕಟ್ಟುನಿಟ್ಟಿನ ಮಡಿಯ ಮನೆ. ಒಗೆಯದ ಬಟ್ಟೆಯನ್ನು ಅವರು ಕೈಯಿಂದ ಮುಟ್ಟುತ್ತಿರಲಿಲ್ಲ.

"ಮತ್ತೆ ಓಡಿಹೋಗಿದ್ದಾಳೆ, ಟೀಚರಮ್ಮ. ನಾಳೆ ಅಮಾವಾಸ್ಯೆ, ಜನ ಬರ್ತಾರೆ. ಸ್ವಲ್ಪ ಇದನ್ನು ಹಿಡಿದು ಹೇಳಿ."

ನನ್ನ ಕಷ್ಟವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಯಾರದೇ ಬೆವರು ಹತ್ತಿದ ಬಟ್ಟೆ ನನ್ನ ಮೈಗೆ ತಾಗಿರುವಾಗ, ಅವರು ಎಲ್ಲಿದ್ದಾರೆ ಎಂದು ಯಾರಾದರೂ ಕೇಳಿದರೆ ಉತ್ತರ ನನ್ನ ಬಾಯಿಂದ ತಾನಾಗಿ ಬರುತ್ತಿತ್ತು. ಹಲ್ಲು ಕಚ್ಚಿದರೂ ನಿಲ್ಲುತ್ತಿರಲಿಲ್ಲ. ಒಗೆದ ಬಟ್ಟೆ ಮಾತ್ರ ಏನೂ ಹೇಳುತ್ತಿರಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ, ಐದು ಗಂಟೆಗೆ ಗಂಟೆ ಬಾರಿಸಿ ಎಬ್ಬಿಸುತ್ತಿದ್ದ ಹಾಸ್ಟೆಲಿನಲ್ಲಿ ಇದು ಶುರುವಾಯಿತು. ಶಿವಮೊಗ್ಗಕ್ಕೆ ಟೀಚರಾಗಿ ಬಂದ ಮೇಲೆ ಹೇಗೋ ಸುದ್ದಿ ಹಬ್ಬಿತು. ಜನರ ಕಾಟ ತಡೆಯಲಾಗದೆ, ಸಂಜೆ ಏಳರಿಂದ ಎಂಟು ಎಂದು ನಿಯಮ ಮಾಡಿದ್ದೆ.

ಎರಡು ತಿಂಗಳ ಹಿಂದೆ ಇದೇ ಹಿರಿಯರು ಒಂದು ಸೀರೆ ತಂದಿದ್ದರು. ಹೊಳಲೂರಿನಲ್ಲಿ, ಹೊಳೆಯ ಹತ್ತಿರದ ಹುಲ್ಲಿನ ಮನೆಯಲ್ಲಿ ಎಂದು ನಾನೇ ಹೇಳಿದ್ದೆ. ಅವಳನ್ನು ಎಳೆದು ತಂದರು. ಮುಂದಿನ ಅಮಾವಾಸ್ಯೆಗೆ ಅವಳು ಮತ್ತೆ, ಅವರ ಮನೆಗೆ ಕಾಣಿಕೆ ಹಾಕಲು ಬಂದ ಜನರ ಎದುರು, ಕುದಿಯುವ ಎಣ್ಣೆಯಲ್ಲಿ ಕೈ ಅದ್ದಿದಳು. ಅವಳ ಕೈ ಸುಡುವುದಿಲ್ಲ. ಅದು ಅವಳ ಕಷ್ಟ.

"ಇನ್ನೂ ಸ್ನಾನ ಆಗಿಲ್ಲ," ಎಂದೆ. "ಮೈಲಿಗೆಯಲ್ಲಿ ಮುಟ್ಟಲಾ?"

ಬೇರೆ ಯಾರಾದರೂ ಆಗಿದ್ದರೆ ಪರವಾಗಿಲ್ಲ ಎನ್ನುತ್ತಿದ್ದರು. ಅವರು ಕೂಡಲೇ ಒಂದು ಹೆಜ್ಜೆ ಹಿಂದೆ ಸರಿದರು.

"ಛೆ, ಬೇಡ ಬೇಡ. ಎಷ್ಟು ಹೊತ್ತಿಗೆ ಬರಲಿ?"

"ನಿಯಮ ಗೊತ್ತಲ್ಲ. ಏಳು ಗಂಟೆಗೆ."

ರವಿಕೆಯನ್ನು ಸ್ಟೂಲಿನ ಮೇಲೆ ಬೀಳಿಸಿ ಹೋದರು. ನಾನು ಅದನ್ನು ಇಕ್ಕಳದಲ್ಲಿ ಎತ್ತಿ ಬಕೆಟ್ಟಿಗೆ ಹಾಕಿ, ಸೋಪಿನ ನೀರಿನಲ್ಲಿ ಕೋಲಿನಿಂದ ಕುಕ್ಕಿ, ಹಗ್ಗದ ಮೇಲೆ ಹರವಿದೆ. ಅವಳು ಮಂಚದ ಕೆಳಗಿನಿಂದ ಬಂದಳು. ಹತ್ತೊಂಬತ್ತು ವರ್ಷ ಇರಬಹುದು.

"ಹೋದ ಸಲ ಹಿಡಿದುಕೊಟ್ಟವರು ನೀವೇ. ಈ ಸಲ ಬಚ್ಚಿಡುವವರೂ ನೀವೇ ಆಗಬೇಕು ಅಂತಲೇ ಇಲ್ಲಿಗೆ ಬಂದೆ," ಎಂದಳು. ಆಮೇಲೆ ಅಂಗೈ ಚಾಚಿ, "ಸುಡಲ್ಲ ಟೀಚರ್, ಆದರೆ ನೋವಾಗ್ತದೆ. ಅದನ್ನ ಯಾರೂ ಕೇಳಲಿಲ್ಲ," ಎಂದಳು.

ನಾನೂ ಕೇಳಿರಲಿಲ್ಲ.

ಅವಳ ಅಕ್ಕ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದಳು. ನಾನೂ ಜೊತೆಗೆ ಹೊರಟುಬಿಡುವುದು ಎಂದು ನಿಶ್ಚಯಿಸಿದೆ. ಇನ್ನೊಂದು ರವಿಕೆ ಬಂದೇ ಬರುತ್ತದೆ. ಇವಳದಲ್ಲದಿದ್ದರೆ ಬೇರೆ ಯಾರದಾದರೂ. ಶಿವಮೊಗ್ಗದ ಸ್ಟೇಷನ್ನಿನಲ್ಲಿ ಅವರ ಕಡೆಯವರು ಇರುತ್ತಾರೆಂದು ಭದ್ರಾವತಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಮಧ್ಯಾಹ್ನದ ರೈಲು ಹಿಡಿಯುವ ಯೋಚನೆ. ಬಸ್ಸಿನಲ್ಲಿಯೂ ಇಳಿದ ಮೇಲೂ ಅವಳು ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದಳು. ಬಿಡು ಎನ್ನಲು ಮನಸ್ಸಾಗಲಿಲ್ಲ.

ಭದ್ರಾವತಿಯಲ್ಲಿ ಕಾರ್ಖಾನೆಯ ಪಾಳಿ ಬಿಟ್ಟಿತ್ತು. ಬಸ್ಸು ನಿಲ್ಲುವ ಕಡೆಯ ಚಹಾದ ಅಂಗಡಿಯಲ್ಲಿ ಕೂತೆವು. ಅಂಗಡಿಯವರು ವಯಸ್ಸಾದ ಸಾಬರು. ಒಲೆಯ ಮೇಲಿಂದ ಹಾಲಿನ ಪಾತ್ರೆ ಇಳಿಸುವಾಗ ಅವರ ಕೈಯ ಬಟ್ಟೆ ಜಾರಿತು. ಕುದಿಯುವ ಹಾಲು ಅವರ ಕಾಲಿನ ಮೇಲೆ ಬೀಳುವುದರಲ್ಲಿತ್ತು. ಇವಳು ಎದ್ದು ಬರಿಗೈಯಲ್ಲಿ ಪಾತ್ರೆಯನ್ನು ಹಿಡಿದು, ನಿಧಾನವಾಗಿ ಕೆಳಗಿಟ್ಟಳು. ಬೇರೆ ಯಾರೂ ಮಾಡದ ತಪ್ಪು ಅದು.

ಸಾಬರು ಅವಳ ಅಂಗೈ ತಿರುಗಿಸಿ ನೋಡಿದರು. ಒಂದು ಕೆಂಪು ಗೆರೆಯೂ ಇಲ್ಲ. ಅವಳ ಕಣ್ಣಲ್ಲಿ ಮಾತ್ರ ನೀರು.

"ಸುಟ್ಟುಹೋಯ್ತು ಬೇಟಿ, ಪೂರಾ ಸುಟ್ಟುಹೋಯ್ತು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಬೆಣ್ಣೆ ಸವರಿ, ತಮ್ಮ ಹೆಗಲಿನ ಬಟ್ಟೆಯನ್ನೇ ಹರಿದು ಕೈಗೆ ಸುತ್ತಿದರು.

ಆದರೆ ಅಲ್ಲೇ ಚಹಾ ಕುಡಿಯುತ್ತಿದ್ದ ಶಿವಮೊಗ್ಗದ ಬಸ್ಸಿನ ಕಂಡಕ್ಟರ್ ಮೊದಲೇ ನೋಡಿಯಾಗಿತ್ತು. "ಏನು ಮಾರಾಯ್ತಿ, ಕಬ್ಬಿಣ ಕರಗಿಸುವ ಕಡೆ ಕೆಲಸ ಕೊಡಿಸಲಾ? ಇಕ್ಕಳದ ಖರ್ಚು ಉಳೀತದೆ," ಎಂದು ನಕ್ಕ. ಆಮೇಲೆ ನನ್ನ ಕಡೆ ತಿರುಗಿ, "ನೀವು ದುರ್ಗಿಗುಡಿಯ ಟೀಚರಲ್ವಾ? ನಮ್ಮತ್ತೆಯ ಕಳೆದುಹೋದ ಮಗನ್ನ ಹೇಳಿಕೊಟ್ಟೋರು," ಎಂದ.

ಅವನ ಬಸ್ಸು ಹೊರಟಿತು. ಸ್ಟೇಷನ್ನಿನಲ್ಲಿ ಬೀರೂರಿಗೆ ಎರಡು ಟಿಕೆಟ್ ತೆಗೆದ ಮೇಲೆ ಲೆಕ್ಕ ಹಾಕಿದೆ. ಕಂಡಕ್ಟರನ ಮಾತು ಸಂಜೆಯೊಳಗೆ ಹಿರಿಯರ ಕಿವಿಗೆ ಬೀಳಬಹುದು. ಏಳಕ್ಕೆ ನನ್ನ ಕೋಣೆಗೆ ಬೀಗ ಇದ್ದರೆ ಅದು ನಿಜವೆಂದು ಗೊತ್ತಾಗುತ್ತದೆ. ಇಲ್ಲಿಂದ ಮುಂದಕ್ಕಿರುವುದು ಒಂದೇ ರೈಲಿನ ದಾರಿ. ನಾನು ಕೋಣೆಯಲ್ಲಿ ದೀಪ ಹಚ್ಚಿಕೊಂಡು ಕೂತಿದ್ದರೆ ಅವಳಿಗೆ ಒಂದು ರಾತ್ರಿಯಾದರೂ ಸಿಗುತ್ತದೆ.

"ನೀವು ಬರಲ್ವಾ?" ಎಂದಳು.

"ನನ್ನ ಪಕ್ಕದಲ್ಲಿ ಕೂತರೆ ನಿನ್ನನ್ನು ನಾನೇ ಹಿಡಿದುಕೊಡ್ತೀನಿ. ಬೀರೂರಿನಲ್ಲಿ ಗಾಡಿ ಬದಲಾಯಿಸು. ಕೈಯ ಬಟ್ಟೆ ಬಿಚ್ಚಬೇಡ."

ಗಾಡಿ ಹೊರಡುವಾಗ ಅವಳು ಸೆರಗು ಬಿಟ್ಟಳು. ಮುಷ್ಟಿಯಲ್ಲಿದ್ದ ತುದಿ ಮುದುಡಿ ಒದ್ದೆಯಾಗಿತ್ತು.

ಕೋಣೆ ಸೇರಿದಾಗ ಏಳಕ್ಕೆ ಹತ್ತು ನಿಮಿಷ. ಸೀರೆ ಬದಲಾಯಿಸಿ, ಉಟ್ಟಿದ್ದನ್ನು ಟ್ರಂಕಿನ ಹಿಂದೆ ಹಾಕಿ, ದೀಪ ಹಚ್ಚಿದೆ. ಹಿರಿಯರು ಸರಿಯಾಗಿ ಏಳಕ್ಕೆ ಬಂದರು.

"ನೀವು ಭದ್ರಾವತಿಯಲ್ಲಿದ್ರಿ ಅಂತ ಯಾರೋ ಅಂದರು."

"ಹೋಗಿದ್ದೆ. ಬಂದೆ." ಒಣಗಿದ ರವಿಕೆಯನ್ನು ಕೈಯಲ್ಲಿ ಹಿಡಿದೆ. "ಕೇಳಿ."

"ಎಲ್ಲಿದ್ದಾಳೆ?"

ನನ್ನ ಬಾಯಿಂದ ಏನೂ ಬರಲಿಲ್ಲ. ಅವರು ರವಿಕೆಯನ್ನು ಮೂಸಿ ನೋಡಿದರು.

"ಒಗೆದಿದ್ದೀರಿ."

"ಒಗೆಯದೆ ಮುಟ್ಟುವುದು ಹೇಗೆ? ನಿಮ್ಮ ಮನೆಯಿಂದ ಬಂದ ಬಟ್ಟೆ." ಬೇರೆ ಏನಾದರೂ ಇದ್ದರೆ ತನ್ನಿ ಎಂದೂ ಹೇಳಿದೆ. ಅವಳು ಬಿಟ್ಟುಹೋದದ್ದನ್ನೆಲ್ಲ ಅವರ ಹೆಂಡತಿ ಬೆಳಿಗ್ಗೆಯೇ ಒಗೆಯಲು ನೀರಿಗೆ ಹಾಕಿದ್ದರಂತೆ. ಅದು ಆ ಮನೆಯ ಪದ್ಧತಿ. ಅವರು ರವಿಕೆಯನ್ನು ಈ ಸಲ ಕೈಯಲ್ಲೇ ತೆಗೆದುಕೊಂಡು ಹೋದರು.

ಬಾಗಿಲು ಹಾಕಿ ಟ್ರಂಕಿನ ಹಿಂದಿನ ಸೀರೆ ತೆಗೆದೆ. ಆ ತುದಿಯನ್ನು ಹಿಡಿದು, ಎಲ್ಲಿದ್ದಾಳೆ ಎಂದು ನನ್ನನ್ನೇ ಕೇಳಿಕೊಂಡೆ. ಬೀರೂರಿನ ಪ್ಲಾಟ್‌ಫಾರಂ, ಕಲ್ಲಿನ ಬೆಂಚು, ಎಂದು ನನ್ನ ದನಿ ಹೇಳಿತು. ಇದನ್ನು ಹಾಗೇ ಮಡಿಸಿಟ್ಟರೆ ಅವಳು ಅಕ್ಕನ ಮನೆ ಸೇರಿದಳೇ, ಇಲ್ಲವೇ, ಯಾವಾಗ ಬೇಕಾದರೂ ತಿಳಿಯಬಹುದಿತ್ತು. ಬೇರೆಯವರು ಕೇಳಿದರೂ ತಿಳಿಯುತ್ತಿತ್ತು.

ಬಕೆಟ್ಟಿಗೆ ನೀರು ತುಂಬಿದೆ. ಸೆರಗಿಗೆ ಎರಡು ಸಲ ಸೋಪು ಹಾಕಿ ಉಜ್ಜಿ, ಮೂರು ನೀರಿನಲ್ಲಿ ಜಾಲಿಸಿ, ಹಿಂಡಿ, ಕೊಡವಿ, ಬೆಳಿಗ್ಗೆ ರವಿಕೆ ಇದ್ದ ಜಾಗದಲ್ಲಿಯೇ ಹರವಿದೆ. ಆಗ ಎಂಟಕ್ಕೆ ಐದು ನಿಮಿಷವಿತ್ತು.