ಗೋಡೆಗೆ ಮುಖ ಮಾಡುವ ಕ್ಯಾಮರಾ

ಭೂತ, ಶಕುನ, ಸೂಚನೆಗಳನ್ನೆಲ್ಲ ನಾನು ನಾನ್‌ಸೆನ್ಸ್ ಎಂದೇ ತಳ್ಳಿಹಾಕಿದವಳು. ಕಾನ್ವೆಂಟಿನಲ್ಲಿ ಓದಿದ್ದಕ್ಕೆ ಅಷ್ಟಾದರೂ ಬೇಡವೇ? ಈಗಲೂ ನಂಬುತ್ತೇನೆಂದು ಹೇಳಲಾರೆ. ಹೊನ್ನಾವರದ ನಮ್ಮ ಹಿತ್ತಿಲಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ನೆರೆಮನೆಯ ನಾಗಿ ಮೀನು ಮಾರುವವಳು. ಮೀನು ಒಣಗಿಸುವುದು ನನ್ನ ಹಿತ್ತಿಲಲ್ಲಿ. ಬೆಕ್ಕು, ನಾಯಿಗಳ ಕಾಟಕ್ಕೆಂದು ಕೆಲವು ವರ್ಷಗಳ ಹಿಂದೆ ವೈಫೈ ಕ್ಯಾಮರಾ ಹಾಕಿಸಿದೆ. ಫೋನಿನಿಂದಲೇ ಅದರ ಕತ್ತು ತಿರುಗಿಸಬಹುದು. ಸಂಜೆ ಮೀನು ಎತ್ತಿದ ಮೇಲೆ ನಾಗಿಯೂ ಅವಳ ಸೊಸೆಯೂ ನಮ್ಮ ಬಾವಿಕಟ್ಟೆಯಲ್ಲೇ ಮಿಂದು ಮನೆಗೆ ಹೋಗುವುದು ರೂಢಿ. ಆ ಹೊತ್ತಿಗೆ ನಾನು ಕ್ಯಾಮರಾವನ್ನು ಗೋಡೆಯ ಕಡೆ ತಿರುಗಿಸಬೇಕು.

ಒಂದು ಸಂಜೆ ಫೋನ್ ಚಾರ್ಜಿಲ್ಲದೆ ಸತ್ತಿತ್ತು. ಪೊರಕೆಯ ಹಿಡಿಯಿಂದಲೇ ಕ್ಯಾಮರಾದ ಮೂತಿ ತಿರುಗಿಸೋಣವೆಂದು ಹಿತ್ತಿಲಿಗೆ ಓಡಿದೆ. ನಾಗಿ ಬಾವಿಗೆ ಕೊಡಪಾನ ಇಳಿಸುತ್ತಿದ್ದಳು. ಕ್ಯಾಮರಾ ತಾನಾಗಿಯೇ, ಮೆಲ್ಲಗೆ, ಗೋಡೆಗೆ ಮುಖ ಮಾಡಿತು. ಮರುದಿನ ಬೇಕೆಂದೇ ಫೋನ್ ಮುಟ್ಟದೆ ಸುಮ್ಮನಿದ್ದೆ. ಮತ್ತೆ ಹಾಗೆಯೇ.

“ಎಂತದ್ರಾ ಅಮ್ಮಾ ಇದು? ನಾವ್ ಅಷ್ಟೂ ಚಂದ ಇಲ್ವಾ?” ಎಂದಳು ನಾಗಿ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಕುಮಟೆಯಿಂದ ಕ್ಯಾಮರಾ ರಿಪೇರಿಗೆ ಬಂದ ಶ್ವೇತಾ ಮಾತ್ರ ನಗಲಿಲ್ಲ. “ಆಂಟಿ, ಹಾಕ್ದಾಗಿಂದ ಫರ್ಮ್‌ವೇರ್, ಅಂದ್ರೆ ಇದ್ರೊಳಗಿನ ಸಾಫ್ಟ್‌ವೇರ್, ಅಪ್‌ಡೇಟೇ ಮಾಡ್ಲಿಲ್ಲ ನೀವು. ಪಾಸ್‌ವರ್ಡೂ ಡಬ್ಬಿಲಿ ಬಂದದ್ದೇ. ಅಗಳಿ ಇಲ್ದಿದ್ ಬಾಗ್ಲು ಇದು. ಹೊರಗಿನವ್ರು ಯಾರೋ ಒಳಗ್ ಹೊಕ್ಕಿ ತಿರಗಿಸ್ತಿರ್ಬೋದು.”

ತಿರುಗಿಸುವವನು ಮೊದಲು ನೋಡಿರುವುದಿಲ್ಲವೇ? ನಾಗಿಯ ನಗು ಇಂಗಿತು. “ನನ್ ಸೊಸೆನ ಯಾರಾರೂ ಕಂಡಿದ್ರೆ ನಾ ಎಂತ ಮಾಡ್ಲಿ?”

ಶ್ವೇತಾ ರೆಕಾರ್ಡಿಂಗುಗಳನ್ನೆಲ್ಲ ತೆಗೆದು ತೋರಿಸಿದಳು. ಮೀಯುವ ಹೊತ್ತಿನಲ್ಲಿ ಬರೀ ಗೋಡೆ. ಪಾಚಿ, ಒಂದು ಹಲ್ಲಿ. ಆಮೇಲೆ ಫರ್ಮ್‌ವೇರ್ ಅಪ್‌ಡೇಟ್ ಮಾಡಿ ಪಾಸ್‌ವರ್ಡ್ ಬದಲಿಸಿದಳು. ಕ್ಯಾಮರಾ ಕಣ್ಣು ಮುಚ್ಚಿ ತೆರೆದು, ಆಗಷ್ಟೇ ರಂಗಕ್ಕೆ ಬಂದ ಯಕ್ಷಗಾನದ ವೇಷದ ಹಾಗೆ ಆಚೆ ಈಚೆ ಕತ್ತು ತಿರುಗಿಸಿತು.

“ಆತು. ಇನ್ ನಿಮ್ ಫೋನ್ ಬಿಟ್ರೆ ಯಾರಿಂದ್ಲೂ ಆಗುದಿಲ್ಲ.”

ಟೆಸ್ಟ್ ಮಾಡೋಣವೆಂದು ನಾನು ಫೋನ್ ಆಫ್ ಮಾಡಿ ಅವಳ ಕೈಗೇ ಕೊಟ್ಟೆ. ನಾಗಿ ಕೊಡಪಾನ ಹಿಡಿದು ಬಾವಿಕಟ್ಟೆಗೆ ನಡೆದಳು. ಕ್ಯಾಮರಾ ಮೆಲ್ಲಗೆ ಗೋಡೆಗೆ ತಿರುಗಿತು.

ಶ್ವೇತಾ ತನ್ನ ಲ್ಯಾಪ್‌ಟಾಪಿನಲ್ಲಿ ಬಹಳ ಹೊತ್ತು ತಡಕಾಡಿದಳು. ಯಾರೂ ಒಳಗೆ ಬಂದಿರಲಿಲ್ಲ. “ಮೋಶನ್ ಟ್ರ್ಯಾಕಿಂಗ್ ಆದ್ರೆ ಮನಷ್ಯರ ಬದಿಗ್ ತಿರಗ್ಬೇಕು, ಆಂಟಿ. ಇದು ಉಲ್ಟಾ.”

“ಒಳ್ಳೆ ಮನೇಲಿ ಬೆಳದದ್ದು, ಬಿಡ್ರಾ,” ಎಂದು ನಾಗಿ ಮತ್ತೆ ನಗತೊಡಗಿದಳು.

ನನಗೆ ಕಾನ್ವೆಂಟ್ ಬೋರ್ಡಿಂಗಿನ ಮುದಿ ಸಿಸ್ಟರ್ ನೆನಪಾದರು. ಡ್ರಿಲ್ ಮುಗಿಸಿ ನಾವು ಬಟ್ಟೆ ಬದಲಿಸುವಾಗ ಗೋಡೆಗೆ ಮುಖ ಮಾಡಿ ಜಪಮಣಿ ಎಣಿಸುತ್ತಿದ್ದರು. ನೋಡದಿರುವುದೂ ಮ್ಯಾನರ್ಸ್ ಎನ್ನುತ್ತಿದ್ದರು.

ಈಗ ಮೀಯುವಾಗ ನಾಗಿ ಕ್ಯಾಮರಾದ ಮೇಲೆ ಮೀನಿನ ಬುಟ್ಟಿ ಕವುಚುತ್ತಾಳೆ. ಮರ್ಯಾದೆ ಅದರದ್ದು, ಜಾಗ್ರತೆ ನಮ್ಮದು ಎನ್ನುತ್ತಾಳೆ. ಅಪ್‌ಡೇಟ್ ಬಂದ ದಿನವೇ ನಾನು ಹಾಕುತ್ತೇನೆ. ಹಾಕುವಾಗ ಪ್ರತಿ ಸಲವೂ ಒಂದು ಅಳುಕು: ಹೊಸದು ಬಂದು ಆ ಹಳೆಯ ಮ್ಯಾನರ್ಸ್ ಅಳಿಸಿಹೋದರೆ? ಕ್ಯಾಮರಾ ಕಣ್ಣು ತೆರೆದ ಕೂಡಲೇ ನಾಗಿಯನ್ನು ಕೂಗುತ್ತೇನೆ. ಅವಳು ಕೊಡಪಾನ ಹಿಡಿದು ನಗುತ್ತಾ ಬರುತ್ತಾಳೆ. ಈವರೆಗೆ ಒಂದು ಸಲವೂ ಅದು ಅವಳತ್ತ ನೋಡಿಲ್ಲ. ಯಾಕೆಂದು ನನ್ನನ್ನು ಕೇಳಬೇಡಿ.